ತೋಟ ಅಮ್ಮತ್ತಿಯಲ್ಲಿ, ವಾಸ ಬೆಂಗಳೂರಿನಲ್ಲಿ: ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿರಬೇಕು?

ಪ್ರಶ್ನೆ (ಕೊಡಗಿನ ಅಮ್ಮತ್ತಿಯ ಬೆಳೆಗಾರ):
ನನ್ನ ಮಗಳು ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಹುತ್ತರಿಗೂ ಕಾಫಿ ಕೊಯ್ಲಿನ ಸಮಯಕ್ಕೂ ಮಾತ್ರ ಊರಿಗೆ ಬಂದು ಹೋಗುತ್ತಾಳೆ. ಅವಳ ಹೆಸರು ಇನ್ನೂ ವಿರಾಜಪೇಟೆ ಕ್ಷೇತ್ರದ ಪಟ್ಟಿಯಲ್ಲಿದೆ. ತೋಟದ ಮನೆ ಅವಳ ಹೆಸರಿನಲ್ಲೇ ಇರುವುದರಿಂದ ಇಲ್ಲಿಯೂ ಅಲ್ಲಿಯೂ ಹೆಸರು ಇರಿಸಿಕೊಳ್ಳಬಹುದೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ಅವರ ಮಗನ ಹೆಸರು ಎರಡು ಊರುಗಳ ಪಟ್ಟಿಯಲ್ಲಿದೆಯಂತೆ. ಇದು ಸರಿಯೇ? ಬೇರೆ ದೇಶಗಳಲ್ಲಿ ಈ ವ್ಯವಸ್ಥೆ ಹೇಗಿದೆ?

ಉತ್ತರ 1 (ಮಡಿಕೇರಿಯ ವಕೀಲ):
ಇಂಗ್ಲೆಂಡಿನ ಮಾತು ನಿಜವೇ. ಅಲ್ಲಿ ವಿದ್ಯಾರ್ಥಿಗಳು ಮನೆಯ ವಿಳಾಸ ಮತ್ತು ಕಾಲೇಜಿನ ವಿಳಾಸ ಎರಡರಲ್ಲೂ ನೋಂದಾಯಿಸಿಕೊಳ್ಳಬಹುದು, ಆದರೆ ಸಂಸತ್ತಿನ ಸಾರ್ವತ್ರಿಕ ಚುನಾವಣೆಯಲ್ಲಿ ಒಂದೇ ಕಡೆ ಮತ ಹಾಕಬೇಕು. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 17ನೇ ಕಲಮು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರುವುದನ್ನು ನಿಷೇಧಿಸುತ್ತದೆ. ಮನೆಯ ಒಡೆತನವಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆ ಕ್ಷೇತ್ರದ ಸಾಮಾನ್ಯ ನಿವಾಸಿ (ಅಂದರೆ ವಾಡಿಕೆಯಾಗಿ ಅಲ್ಲೇ ವಾಸಿಸುವವರು) ಎಂದು ಪರಿಗಣಿಸುವಂತಿಲ್ಲ ಎಂದು 20ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅರ್ಧ ಕೊಡಗು ಬೆಂಗಳೂರಿನಲ್ಲೇ ಇರುವ ಈ ಕಾಲದಲ್ಲಿ ನಮ್ಮವರು ಓದಿಕೊಳ್ಳಬೇಕಾದ ಸಾಲು ಅದು. ಸುಳ್ಳು ಘೋಷಣೆ ನೀಡಿದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿಮ್ಮ ಮಗಳು ಹೊಸ ಮತದಾರರಿಗಿರುವ ನಮೂನೆ 6 ಸಲ್ಲಿಸದೆ, ವಿಳಾಸ ಬದಲಾವಣೆಗಿರುವ ನಮೂನೆ 8ನ್ನೇ ಆನ್‌ಲೈನ್‌ನಲ್ಲಿ ಅಥವಾ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮೂಲಕ ಸಲ್ಲಿಸಲಿ.

ಉತ್ತರ 2 (ನಾಪೋಕ್ಲು ಮೂಲ, ಈಗ ಜರ್ಮನಿ):
ಇಲ್ಲಿ ಮತದಾರರು ಅರ್ಜಿ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಮನೆ ಬದಲಿಸಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ದಾಖಲಿಸುವುದು ಎಲ್ಲರಿಗೂ ಕಡ್ಡಾಯವಾಗಿದ್ದು, ಆ ದಾಖಲೆಯಿಂದಲೇ ಮತದಾರರ ಪಟ್ಟಿ ತಯಾರಾಗಿ, ಮತಗಟ್ಟೆಯ ವಿಳಾಸವಿರುವ ಸೂಚನಾಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಸ್ವೀಡನ್ನಿನ ಪದ್ಧತಿಯೂ ಇಂಥದ್ದೇ. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಡಕೋಟಾದಲ್ಲಂತೂ ನೋಂದಣಿಯೇ ಇಲ್ಲ. ನೋಂದಣಿಯ ಹೊಣೆಯನ್ನು ಸರಕಾರವೇ ಹೊರುವುದು ನನಗೆ ಮೆಚ್ಚುಗೆಯಾಗುತ್ತದೆ, ಆದರೆ ಪ್ರತಿಯೊಬ್ಬರ ವಿಳಾಸವೂ ಸರಕಾರದ ಕಡತದಲ್ಲಿರುವುದನ್ನು ಎಲ್ಲ ಸಮಾಜಗಳೂ ಒಪ್ಪಲಾರವು. ಎಣಿಕೆಯ ವಿಷಯದಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ, ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕರೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು ಎಂದು ಹೇಳಿ, 2005ರಲ್ಲಿ ಬಳಸಿದ್ದ ಮತಯಂತ್ರಗಳನ್ನು ಸಂವಿಧಾನಬಾಹಿರವೆಂದಿತು. ಭಾರತದಲ್ಲಿ ವಿವಿಪ್ಯಾಟ್ (ಹಾಕಿದ ಮತವನ್ನು ಕಾಗದದಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಚೀಟಿ ಏಳು ಸೆಕೆಂಡು ಕಾಣುತ್ತದೆ, ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ.

ಉತ್ತರ 3 (ನಿವೃತ್ತ ಸುಬೇದಾರ್, ಸೋಮವಾರಪೇಟೆ):
ನಮ್ಮ ಜಿಲ್ಲೆಯ ಬಹಳ ಮನೆಗಳಿಗೆ ಸಂಬಂಧಿಸಿದ ಒಂದು ಮಾತು ಸೇರಿಸುತ್ತೇನೆ. ಸೇನೆಯಲ್ಲಿರುವವರು ಎಲ್ಲಿಯೇ ಇರಲಿ, ಸೇವಾ ಮತದಾರರಾಗಿ ಸ್ವಂತ ಊರಿನ ಪಟ್ಟಿಯಲ್ಲೇ ಇರಬಹುದು. ಅವರ ಮತಪತ್ರ ಈಗ ಆನ್‌ಲೈನ್‌ನಲ್ಲಿ ಬರುತ್ತದೆ, ಮುದ್ರಿಸಿ ಗುರುತು ಹಾಕಿ ಅಂಚೆಯಲ್ಲಿ ಕಳುಹಿಸಬೇಕು. ಎಣಿಕೆಯ ದಿನ ಮೊದಲು ಹೊರಲಕೋಟೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬಳಿಕ ಮತದಾರರು ಸಹಿ ಮಾಡಿ ಕಳುಹಿಸಿದ ನಮೂನೆ 13ಎ ಘೋಷಣಾಪತ್ರವನ್ನು ನೋಡಿ, ಅದರಲ್ಲಿರುವ ಕ್ರಮಸಂಖ್ಯೆಯನ್ನು ಒಳಲಕೋಟೆಯ ಮೇಲಿನ ಸಂಖ್ಯೆಯೊಂದಿಗೆ ತಾಳೆ ಮಾಡುತ್ತಾರೆ. ಹೊಂದದಿದ್ದರೆ ಒಳಲಕೋಟೆಯನ್ನು ತೆರೆಯದೆಯೇ ಮತವನ್ನು ತಿರಸ್ಕರಿಸುತ್ತಾರೆ. ಅಮೆರಿಕದ ಕೊಲರಾಡೊದಲ್ಲಿ ಸಹಿ ಹೊಂದದಿದ್ದರೆ ಮತದಾರರಿಗೆ ತಿಳಿಸಿ, ಮತದಾನದ ದಿನದ ನಂತರವೂ ಸರಿಪಡಿಸಲು ಎಂಟು ದಿನ ಕೊಡುತ್ತಾರೆ. ನಮ್ಮ ಜವಾನರಿಗೆ ಆ ಅವಕಾಶ ಇಲ್ಲದಿರುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಅಮ್ಮತ್ತಿಯ ಬೆಳೆಗಾರ:
ಎಲ್ಲರಿಗೂ ಧನ್ಯವಾದಗಳು. ಮಗಳಿಗೆ ನಮೂನೆ 8 ಸಲ್ಲಿಸಲು ತಿಳಿಸಿದ್ದೇನೆ. ಸುಬೇದಾರ್ ಸಾಹೇಬರೇ, ನನ್ನ ತಮ್ಮನ ಮಗ ಸೇನೆಯಲ್ಲಿದ್ದು, ಅವನ ಹೆಂಡತಿಯೂ ಜೊತೆಯಲ್ಲೇ ಕ್ವಾರ್ಟರ್ಸ್‌ನಲ್ಲಿದ್ದಾಳೆ. ಅವಳಿಗೂ ಇದೇ ನಿಯಮವೇ?

ನಿವೃತ್ತ ಸುಬೇದಾರ್, ಸೋಮವಾರಪೇಟೆ:
ಹೌದು, ಪತಿಯ ಜೊತೆ ವಾಸವಿದ್ದರೆ ಅವಳೂ ಸೇವಾ ಮತದಾರಳಾಗಬಹುದು. ಅರ್ಜಿಯನ್ನು ಅವನ ಯೂನಿಟ್‌ನ ದಾಖಲಾತಿ ಕಚೇರಿಯ ಮೂಲಕವೇ ಕಳುಹಿಸಲಿ.