ಬಾಸಿಲಿಯಸ್ ಆಮರ್‌ಬಾಖ್: ಕಾನೂನು ಪ್ರಾಧ್ಯಾಪಕನೊಬ್ಬ ರೋಮನ್ ಅವಶೇಷಗಳತ್ತ ಹೊರಳಿದ್ದೇಕೆ?

ಪ್ರಶ್ನೆ:
ನಮಸ್ಕಾರ. ಚಿತ್ರಕಾರ ಹೋಲ್ಬೈನ್‌ನ ಬಗ್ಗೆ ಓದುವಾಗಲೆಲ್ಲ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಸಿಲಿಯಸ್ ಆಮರ್‌ಬಾಖ್ (1533–1591) ಎಂಬವನ ಹೆಸರು ಎದುರಾಗುತ್ತದೆ. ಕೆಲವರು ಅವನನ್ನು ಕಾನೂನು ಪ್ರಾಧ್ಯಾಪಕನೆನ್ನುತ್ತಾರೆ, ಕೆಲವರು ಪುರಾತನ ವಸ್ತುಗಳ ಸಂಗ್ರಾಹಕನೆನ್ನುತ್ತಾರೆ. ಇದು ಅನುಕೂಲಸ್ಥನೊಬ್ಬನ ಹವ್ಯಾಸವಷ್ಟೆಯೋ, ಅಥವಾ ಅವನ ಕಾನೂನಿನ ವ್ಯಾಸಂಗಕ್ಕೂ ಇದಕ್ಕೂ ಸಂಬಂಧ ಉಂಟೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸಂಬಂಧ ಖಂಡಿತ ಉಂಟು. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಕಾನೂನೆಂದರೆ ಬಹುಮಟ್ಟಿಗೆ ಜಸ್ಟಿನಿಯನ್ ಚಕ್ರವರ್ತಿ ಆರನೆಯ ಶತಮಾನದಲ್ಲಿ ಸಂಕಲನ ಮಾಡಿಸಿದ ರೋಮನ್ ಕಾನೂನು. ಮಧ್ಯಯುಗದ ವ್ಯಾಖ್ಯಾನಕಾರರು ಅದರ ಮೇಲೆ ಪೇರಿಸಿದ್ದ ಟೀಕೆಗಳನ್ನು ಬದಿಗಿಟ್ಟು, ಮೂಲ ಪಠ್ಯವನ್ನು ಅದು ಹುಟ್ಟಿದ ಕಾಲದ ಭಾಷೆ, ಇತಿಹಾಸ, ಶಾಸನಗಳ ನೆರವಿನಿಂದಲೇ ಓದಬೇಕೆಂದು ವಾದಿಸಿದವರಲ್ಲಿ ಇಟಲಿಯ ನ್ಯಾಯಶಾಸ್ತ್ರಜ್ಞ ಆಂದ್ರೆಯಾ ಆಲ್ಚಾತೋ ಪ್ರಮುಖ. ಬಾಸಿಲಿಯಸ್‌ನ ತಂದೆ ಬೋನಿಫೇಸಿಯಸ್ ಫ್ರಾನ್ಸಿನ ಅವಿನ್ಯೋನಿನಲ್ಲಿ ಈ ಆಲ್ಚಾತೋನ ಶಿಷ್ಯನಾಗಿದ್ದ. ಮಗನೂ ಪಾದುವಾ, ಬೊಲೋನ್ಯಾಗಳಲ್ಲಿ ಓದಿ, ಜರ್ಮನಿಯ ಸ್ಪೈಯರ್‌ನಲ್ಲಿದ್ದ, ಪವಿತ್ರ ರೋಮನ್ (ಜರ್ಮನ್) ಸಾಮ್ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ಅನುಭವ ಪಡೆದು, 1560ರ ದಶಕದ ಆರಂಭದಿಂದ ಬಾಸೆಲ್‌ನಲ್ಲಿ ರೋಮನ್ ಕಾನೂನನ್ನು ಬೋಧಿಸಿದ. ಇಂಥ ಪರಂಪರೆಯಲ್ಲಿ ಬೆಳೆದವನಿಗೆ ರೋಮನ್ ನಾಣ್ಯವೆಂಬುದು ಬರಿಯ ಅಲಂಕಾರದ ವಸ್ತುವಲ್ಲ, ಸಾಕ್ಷ್ಯ.

ಉತ್ತರ 2:
ಮೇಲಿನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಾಣ್ಯಗಳಿಗೆ ಆ ವಿವರಣೆ ಸರಿಹೊಂದಬಹುದು. ಆದರೆ ಅವನ ಸಂಗ್ರಹದಲ್ಲಿದ್ದ ಕಲಾವಿದ ಉರ್ಸ್ ಗ್ರಾಫ್‌ನ ರೇಖಾಚಿತ್ರಗಳಿಗೂ, ಅಕ್ಕಸಾಲಿಗರ ಅಚ್ಚುಗಳಿಗೂ ಜಸ್ಟಿನಿಯನ್‌ನಿಗೂ ಏನು ಸಂಬಂಧ? ಇಲ್ಲಿ ಮನೆತನವನ್ನು ಮರೆಯಬಾರದು. ಅಜ್ಜ ಯೋಹಾನ್ ಹೆಸರಾಂತ ಮುದ್ರಕ. ತಂದೆಯೋ ಖ್ಯಾತ ವಿದ್ವಾಂಸ ಎರಾಸ್ಮಸ್‌ನ ಆಪ್ತಮಿತ್ರ, 1536ರಲ್ಲಿ ಎರಾಸ್ಮಸ್ ತೀರಿಕೊಂಡಾಗ ಅವನ ಉತ್ತರಾಧಿಕಾರಿಯಾದವನು. ಮಗನ ಕೈಗೆ ಬರುವಾಗಲೇ ಸಂಗ್ರಹಕ್ಕೆ ಒಂದು ಬುನಾದಿಯಿತ್ತು. 1562ರಲ್ಲಿ ತಂದೆಯೂ, ಮದುವೆಯಾದ ಮರುವರ್ಷವೇ ಹೆಂಡತಿ ಎಸ್ತರ್ ರೂಡಿನ್ ಹಾಗೂ ಹಸುಗೂಸೂ ಇಲ್ಲವಾದರು, ಅವನು ಮತ್ತೆ ಮದುವೆಯಾಗಲಿಲ್ಲ. ಆ ದುಃಖವೇ ಅವನನ್ನು ಸಂಗ್ರಾಹಕನನ್ನಾಗಿಸಿತೆಂಬ ತೀರ್ಮಾನ ನನಗೆ ತುಸು ಅಗ್ಗವೆನಿಸುತ್ತದೆ. ಕಾನೂನಿನ ಗುರುತು ನಿಜವಾಗಿ ಕಾಣುವುದು ಅವನು ಏನನ್ನು ಕೊಂಡನೆಂಬುದರಲ್ಲಿ ಅಲ್ಲ, ಕೊಂಡದ್ದನ್ನು ದಾಖಲಿಸಿದ ರೀತಿಯಲ್ಲಿ: ಆಸ್ತಿ ವಿಭಾಗದ ಪತ್ರ ಬರೆಯುವವನ ಎಚ್ಚರದಿಂದ ಅವನು ತನ್ನ ವಸ್ತುಗಳ ಯಾದಿಗಳನ್ನು ಒಂದಕ್ಕಿಂತ ಹೆಚ್ಚು ಸಲ ಬರೆದಿಟ್ಟ.

ಉತ್ತರ 3:
ಇಬ್ಬರೂ ಔಗ್‌ಸ್ಟ್ ಊರನ್ನು ಬಿಟ್ಟಿರುವುದು ಆಶ್ಚರ್ಯ. ಬಾಸೆಲ್‌ಗೆ ಸಮೀಪದ ಆ ಊರಿನಲ್ಲಿ ಆಗುಸ್ಟಾ ರೌರಿಕಾ ಎಂಬ ರೋಮನ್ ನಗರದ ಅವಶೇಷಗಳಿವೆ. ಅಲ್ಲಿದ್ದ ದೊಡ್ಡ ಗೋಡೆಗಳ ಗುಂಪನ್ನು ಜನ ಒಂಬತ್ತು ಗೋಪುರಗಳ ಕೋಟೆಯೆಂದು ನಂಬಿದ್ದರು. 1582ರಿಂದ ನಗರಸಭೆಯ ಪರವಾಗಿ ವರ್ತಕ ಆಂಡ್ರೆಯಾಸ್ ರೀಫ್ ಅಲ್ಲಿ ಅಗೆಸಿದ; ಆದರೆ 1588ರಿಂದ 1590ರವರೆಗೆ ಆ ಕಟ್ಟಡವನ್ನು ಕ್ರಮವಾಗಿ ಅಳೆದು, ಚಿತ್ರಕಾರ ಹಾನ್ಸ್ ಬೊಕ್‌ನಿಂದ ನಕಾಶೆ ಬರೆಸಿದವನು ಆಮರ್‌ಬಾಖ್. ಅದು ಕೋಟೆಯಲ್ಲ, ರೋಮನ್ ರಂಗಮಂದಿರವೆಂದು ಅವನು ಗುರುತಿಸಿದ. ಆಲ್ಪ್ಸ್ ಪರ್ವತದ ಉತ್ತರಕ್ಕೆ ನಿಧಿಯ ಆಸೆಯಿಲ್ಲದೆ, ಕಟ್ಟಡ ಏನೆಂದು ತಿಳಿಯುವುದಕ್ಕಾಗಿಯೇ ನಡೆದ ಅತಿ ಮೊದಲಿನ ಶೋಧಗಳಲ್ಲಿ ಇದೂ ಒಂದು. ಕೇಳಿದ್ದನ್ನು ನಂಬದೆ ಸ್ಥಳಕ್ಕೇ ಹೋಗಿ ಅಳತೆಪಟ್ಟಿ ಹಿಡಿಯುವ ಈ ಗುಣವನ್ನು ಬರಿಯ ಹವ್ಯಾಸವೆಂದು ಕರೆಯಲು ನನಗೆ ಮನಸ್ಸಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಮಕ್ಕಳಿಲ್ಲದ ಅವನ ನಂತರ ಆ ಸಂಗ್ರಹ ಚದುರಿಹೋಗದೆ ಉಳಿದದ್ದು ಹೇಗೆ?

ಉತ್ತರ 2:
ಅದು ಸೋದರಳಿಯ, ತಾನೂ ನ್ಯಾಯಶಾಸ್ತ್ರಜ್ಞನಾಗಿದ್ದ ಲುಡ್ವಿಗ್ ಈಸೆಲಿನ್‌ನ ಮನೆತನಕ್ಕೆ ಹೋಯಿತು. ಮುಂದೆ ಆಮ್‌ಸ್ಟರ್‌ಡ್ಯಾಮ್‌ಗೆ ಮಾರಾಟವಾಗುವ ಸಂಭವ ಬಂದಾಗ, 1661ರಲ್ಲಿ ಬಾಸೆಲ್ ನಗರ ಅದನ್ನು 9000 ಟಾಲರ್ ನಾಣ್ಯಗಳಿಗೆ ಕೊಂಡು ವಿಶ್ವವಿದ್ಯಾಲಯದ ವಶಕ್ಕೆ ಕೊಟ್ಟಿತು. ಹತ್ತು ವರ್ಷಗಳ ಬಳಿಕ ಸಾರ್ವಜನಿಕರಿಗೆ ತೆರೆಯಿತು. ಆ ಸಂಗ್ರಹದಲ್ಲಿದ್ದ, ಹೋಲ್ಬೈನ್ ಬರೆದ ಸತ್ತ ಕ್ರಿಸ್ತನ ಚಿತ್ರ ಈಗ ಅಲ್ಲಿನ ಕಲಾ ಸಂಗ್ರಹಾಲಯದಲ್ಲಿದೆ. ತಾವು ಮುಂದೆ ಓದುವುದಾದರೆ ಮನೆತನದ ಪತ್ರವ್ಯವಹಾರದಿಂದ ಆರಂಭಿಸಿ. 1942ರಿಂದ ಅದು ಸಂಪುಟಗಳಾಗಿ ಪ್ರಕಟವಾಗಿದೆ. ಪತ್ರಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ, ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿವೆ. ಬಾಸಿಲಿಯಸ್ ಇಟಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದ ಪತ್ರಗಳು ಕೊನೆಯ ಸಂಪುಟಗಳಲ್ಲಿ ಸಿಗುತ್ತವೆ.