ಡಿವಿಷನ್ ರೇಸ್: ಒಂದೂವರೆ ಗೇಮ್ ಹಿಂದಿದ್ದೀವಿ, ಬೋರ್ಡ್ ಮೇಲಿನ ಲೆಕ್ಕ ಮಾತ್ರ ದಿನಾ ಜಗಳ

ಬಿಎಚ್‌ರೋಡ್_ಬುಲ್‌ಪೆನ್ (ತುಮಕೂರು):

ತುಮಕೂರಲ್ಲಿ ನಾವು ಆರು ಜನ ಅಮೆರಿಕದ ಮೇಜರ್ ಲೀಗಿನ ಒಂದೇ ಬೇಸ್‌ಬಾಲ್ ತಂಡದ ಹಿಂದೆ ಬಿದ್ದಿದ್ದೀವಿ. ಬೆಳಿಗ್ಗೆ 8 ಗಂಟೆಗೆ ಬೆಂಗಳೂರಿಗೆ ಹೊರಡೋ ಮುಂಚೆ ಯಾರಾದ್ರೂ ಒಬ್ಬರು ರೂಮಿನ ವೈಟ್‌ಬೋರ್ಡ್ ಮೇಲೆ ಟೇಬಲ್ ಬರೀತಾರೆ. ನಮ್ಮ ಡಿವಿಷನ್ನಲ್ಲಿ (ಲೀಗಿನೊಳಗಿನ ಗುಂಪು) ಈಗಿನ ಸ್ಥಿತಿ: ಮೇಲಿನ ತಂಡ 86 ಗೆಲುವು, 62 ಸೋಲು. ನಮ್ಮದು 84 ಗೆಲುವು, 63 ಸೋಲು. ಶುಕ್ರವಾರದಿಂದ ಅವರ ಊರಲ್ಲೇ ಅವರ ಮೇಲೆ ಮೂರು ಮ್ಯಾಚ್. ಈ ವರ್ಷ ಅವರ ವಿರುದ್ಧ ಇಲ್ಲಿವರೆಗೆ ನಾವು 6 ಗೆದ್ದು 4 ಸೋತಿದ್ದೀವಿ.

ಬೆಳಿಗ್ಗೆ ಬೋರ್ಡ್ ಮೇಲೆ 1.5 ಗೇಮ್ ಹಿಂದೆ ಅಂತ ಇದ್ದದ್ದು ಮಧ್ಯಾಹ್ನ ಫೋನಲ್ಲಿ ನೋಡಿದ್ರೆ 1 ಅಥವಾ 2 ಆಗಿರುತ್ತೆ. ಆ ಅರ್ಧ ಎಲ್ಲಿಂದ ಬರುತ್ತೆ? ಮ್ಯಾಜಿಕ್ ನಂಬರ್ (ಮುಂದಿರೋ ತಂಡಕ್ಕೆ ಡಿವಿಷನ್ ಖಚಿತ ಆಗೋಕೆ ಅದರ ಗೆಲುವು, ಹಿಂದಿರೋರ ಸೋಲು ಸೇರಿ ಇನ್ನೆಷ್ಟು ಬೇಕು ಅನ್ನೋದು) ಒಬ್ಬ 13 ಅಂತಾನೆ, ಇನ್ನೊಬ್ಬ 14. ಕೊನೆಗೆ ಸಮ ಆದ್ರೆ ಇನ್ನೊಂದು ಮ್ಯಾಚ್ ಆಡಿಸ್ತಾರಾ, ಇಲ್ಲ ನಮ್ಮ ರನ್ ರೇಟ್ ಥರ ಏನಾದ್ರೂ ನೋಡ್ತಾರಾ? ಮುಖ್ಯವಾಗಿ, ಈ ಮೂರರಲ್ಲಿ ನಮಗೆ ಎಷ್ಟು ಗೆಲುವು ಬೇಕೇ ಬೇಕು?

ಕೋಲಾರ_ಸ್ಕೋರರ್ (ಕೋಲಾರ):

ಮೊದಲು ರನ್ ರೇಟನ್ನ ತಲೆಯಿಂದ ತೆಗೆದುಹಾಕಿ. 18 ಮೇ 2024ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಬರೀ ಗೆದ್ದಿದ್ರೆ ಸಾಲ್ತಿರಲಿಲ್ಲ, 218 ಹೊಡೆದ ಮೇಲೆ 18 ರನ್ ಅಂತರ ಬೇಕಿತ್ತು. ಚೆನ್ನೈ 191ಕ್ಕೆ ನಿಂತಿದ್ದರಿಂದ ಬಚಾವ್. ಬೇಸ್‌ಬಾಲಲ್ಲಿ ಆ ಕಥೆ ಇಲ್ಲ. 12 ರನ್ನಿಂದ ಗೆದ್ದರೂ ಒಂದು ಗೆಲುವು, 1 ರನ್ನಿಂದ ಗೆದ್ದರೂ ಒಂದು ಗೆಲುವು.

ಎಷ್ಟು ಗೇಮ್ ಹಿಂದೆ ಅನ್ನೋದು ಹೀಗೆ: ಗೆಲುವಿನ ವ್ಯತ್ಯಾಸ 86ರಲ್ಲಿ 84 ಕಳೆದರೆ 2. ಸೋಲಿನ ವ್ಯತ್ಯಾಸ 63ರಲ್ಲಿ 62 ಕಳೆದರೆ 1. ಎರಡನ್ನೂ ಕೂಡಿ ಅರ್ಧ ಮಾಡಿ: 1.5. ಅವರು 148 ಮ್ಯಾಚ್ ಆಡಿದ್ದಾರೆ, ನೀವು 147. ಆಡಿದ ಮ್ಯಾಚುಗಳ ವ್ಯತ್ಯಾಸ ಬೆಸ ಸಂಖ್ಯೆ ಆದಾಗೆಲ್ಲ ಅರ್ಧ ಬಂದೇ ಬರುತ್ತೆ.

ಬೋರ್ಡ್ ಮೇಲೆ 1.5ಕ್ಕಿಂತ ದಪ್ಪಗೆ ಬರೀಬೇಕಾದ್ದು ಸೋಲಿನ ಕಾಲಂ. ಆಡಬೇಕಾದ ಮ್ಯಾಚು ಇನ್ನೂ ಗೆಲ್ಲಬಹುದು, ಆದ ಸೋಲನ್ನ ಯಾರೂ ಅಳಿಸೋಕಾಗಲ್ಲ. ಸೋಲಲ್ಲಿ ನೀವು ಒಂದೇ ಒಂದು ಹಿಂದಿದ್ದೀರಿ. ಸೆಪ್ಟೆಂಬರಲ್ಲಿ ನಿಜವಾದ ದೂರ ಅದೇ.

ಮ್ಯಾಜಿಕ್ ನಂಬರ್: 163ರಿಂದ ಮುಂದಿರೋ ತಂಡದ ಗೆಲುವು, ಹಿಂದಿರೋ ತಂಡದ ಸೋಲು ಎರಡನ್ನೂ ಕಳೀರಿ. 163 – 86 – 63 = 14. ಸೀಸನ್ 162 ಮ್ಯಾಚಿನದು, ಹೆಚ್ಚಿನ ಆ ಒಂದು ಸಮ ಆಗದೆ ಸ್ಪಷ್ಟವಾಗಿ ಮುಂದೆ ಹೋಗೋದಕ್ಕೆ. ಸಮ ಆದರೂ ನಾವೇ ಮೇಲೆ ಅನ್ನೋದು ಖಚಿತ ಇದ್ದರೆ ಮಾತ್ರ 162ರಿಂದ ಕಳೀಬೇಕು, ಆಗ 13. ನಿಮ್ಮ ಇಬ್ಬರು ಗೆಳೆಯರ ಜಗಳ ಇಷ್ಟೇ. ಅವರು ಒಂದು ಗೆದ್ದರೆ ನಂಬರ್ ಒಂದು ಇಳಿಯುತ್ತೆ, ನೀವು ಒಂದು ಸೋತರೂ ಒಂದು ಇಳಿಯುತ್ತೆ. ನಿಮ್ಮಿಬ್ಬರ ನಡುವಿನ ಮ್ಯಾಚಲ್ಲಿ ಅವರು ಗೆದ್ದರೆ ಒಂದೇ ರಾತ್ರಿ ಎರಡು ಇಳಿಯುತ್ತೆ.

ಸಮ ಆದಾಗ ಆಡಿಸ್ತಿದ್ದ ಹೆಚ್ಚುವರಿ 163ನೇ ಮ್ಯಾಚ್ 2022ರಿಂದ ಇಲ್ಲ. ಸಮ ಆದರೆ ಮೊದಲು ನೋಡೋದು ಪರಸ್ಪರ ಆಡಿದ ಮ್ಯಾಚುಗಳ ಫಲಿತಾಂಶ, ಅದೂ ಸಮ ಇದ್ದರೆ ತಮ್ಮ ಡಿವಿಷನ್ ಒಳಗಿನ ದಾಖಲೆ. 2023ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್, ಟೆಕ್ಸಸ್ ರೇಂಜರ್ಸ್ ಎರಡೂ 90–72ಕ್ಕೆ ಮುಗಿಸಿದವು. ಪರಸ್ಪರ 9–4 ಇದ್ದ ಹ್ಯೂಸ್ಟನ್‌ಗೆ ಡಿವಿಷನ್ ಹೋಯ್ತು. 2025ರಲ್ಲಿ ಟೊರಾಂಟೊ ಮತ್ತು ನ್ಯೂಯಾರ್ಕ್ ಯಾಂಕೀಸ್ ಎರಡೂ 94–68, ಪರಸ್ಪರ 8–5 ಇದ್ದ ಟೊರಾಂಟೊ ಮೇಲೆ. ಅಂದ್ರೆ ಏಪ್ರಿಲ್‌ನಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ಮಂಗಳವಾರದ ಮ್ಯಾಚ್ ಅಕ್ಟೋಬರಲ್ಲಿ ಡಿವಿಷನ್ ಕೊಡಿಸುತ್ತೆ.

ಈಗ ನಿಮ್ಮ ಮೂರು ಮ್ಯಾಚ್. 2023ರಿಂದ ಡಿವಿಷನ್ನಿನ ಪ್ರತಿ ಎದುರಾಳಿ ಮೇಲೆ 13 ಮ್ಯಾಚ್. 6–4 ಇರೋದರಿಂದ ಈ ಮೂರರಲ್ಲಿ ಒಂದು ಗೆದ್ದರೂ 7 ಆಯ್ತು, ಸಮ ಆದರೆ ನೀವೇ ಮೇಲೆ. ಎರಡು ಗೆದ್ದರೆ ನೀವು 86–64, ಅವರು 87–64. ಟೇಬಲ್ ಅರ್ಧ ಗೇಮ್ ಹಿಂದೆ ಅಂತ ತೋರಿಸುತ್ತೆ, ಆದರೆ ಸೋಲು ಸರಿಸಮ, ಸಮ ಆದರೂ ನಿಮಗೇ. ಅಲ್ಲಿಂದ ನಿಮ್ಮ 12 ಮ್ಯಾಚನ್ನೂ ನೀವು ಗೆದ್ದರೆ ಅವರು ಏನು ಮಾಡಿದರೂ ನಿಮ್ಮನ್ನ ದಾಟೋಕಾಗಲ್ಲ. ಮೂರೂ ಗೆದ್ದರೆ 87–63 ಎದುರು 86–65, ಒಂದೂವರೆ ಗೇಮ್ ಮುಂದೆ, ಮ್ಯಾಜಿಕ್ ನಂಬರ್ ಈಗ ನಿಮ್ಮದು, 162 – 87 – 65 = 10. ಒಂದೇ ಗೆದ್ದರೆ 85–65 ಎದುರು 88–63. ಆಮೇಲೆ ಅವರು ನಿಮಗಿಂತ ಎರಡು ಮ್ಯಾಚ್ ಹೆಚ್ಚು ಸೋಲಬೇಕು, ಬೇರೆಯವರ ಕೈ ನೋಡಬೇಕಾಗುತ್ತೆ. ಮೂರೂ ಸೋತರೆ ಪರಸ್ಪರ ಲೆಕ್ಕವೂ 7–6 ಅವರ ಕಡೆ ಹೋಗುತ್ತೆ, ಅವರ ನಂಬರ್ 162 – 89 – 66 = 7. ನನ್ನ ಮಟ್ಟಿಗೆ ಗುರಿ ಎರಡು. ಮೂರೂ ಬೇಕೇ ಬೇಕು ಅಂತ ಕೂತರೆ ಸುಮ್ಮನೆ ಎದೆ ಬಡಿತ ಹೆಚ್ಚಿಸಿಕೊಂಡ ಹಾಗೆ.

ನಂದಿತಪ್ಪಲು_9 (ಚಿಕ್ಕಬಳ್ಳಾಪುರ):

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬರೋಕೆ ಕಾರಣ ಗಡಿಯಾರ. ಸೀಸನ್ ಪೂರ್ತಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಲಾಸ್ ಏಂಜಲೀಸ್ ಹನ್ನೆರಡೂವರೆ. ನ್ಯೂಯಾರ್ಕಲ್ಲಿ ಸಂಜೆ 7:05ರ ಮ್ಯಾಚ್ ನಮಗೆ ಮಾರನೇ ದಿನ ಬೆಳಗಿನ ಜಾವ 4:35, ಪಶ್ಚಿಮದ ಸಂಜೆ 7:10 ಅಂದ್ರೆ ನಮಗೆ ಬೆಳಿಗ್ಗೆ 7:40. 2023ರಲ್ಲಿ ಪಿಚ್ ಕ್ಲಾಕ್ (ಚೆಂಡು ಎಸೆಯೋಕೆ ಸಮಯದ ಮಿತಿ) ಬಂದ ಮೇಲೆ ಒಂದು ಮ್ಯಾಚು ಸುಮಾರು ಎರಡೂಮುಕ್ಕಾಲು ಗಂಟೆ ಒಳಗೆ ಮುಗಿಯುತ್ತೆ. ಹಾಗಾಗಿ 8 ಗಂಟೆಗೆ ನೀವು ಬೋರ್ಡ್ ಬರೆಯೋವಾಗ ಪೂರ್ವದ ಮ್ಯಾಚುಗಳು ಮುಗಿದಿರುತ್ತವೆ, ಪಶ್ಚಿಮದವು ಈಗಷ್ಟೇ ಶುರು. ಒಂದು ತಂಡದ ಫಲಿತಾಂಶ ಸೇರಿ ಇನ್ನೊಂದರದು ಸೇರದಿದ್ದರೆ ಅರ್ಧ ಗೇಮ್ ಏರುಪೇರು. 11 ಗಂಟೆ ಮೇಲೆ ಬರೀರಿ. 8ಕ್ಕೇ ಬರೀಬೇಕು ಅಂದ್ರೆ ಮುಗಿಯದ ಮ್ಯಾಚಿನ ಪಕ್ಕ ಒಂದು ಚುಕ್ಕೆ ಹಾಕಿ ಬಿಡಿ.

ತಾರೀಖು ಕೂಡ ಜೋಪಾನ. ಅವರ ಶುಕ್ರವಾರ ರಾತ್ರಿಯ ಮ್ಯಾಚ್ ನಮಗೆ ಶನಿವಾರ ಬೆಳಿಗ್ಗೆ. ಅಲಾರಂ ಒಂದು ದಿನ ಮುಂಚೆ ಇಟ್ಟು ಎದ್ದು ಕೂರೋದು ಹೊಸಬರೆಲ್ಲ ಮಾಡೋ ತಪ್ಪು.

ಇನ್ನೊಂದು, ಡಿವಿಷನ್ ತಪ್ಪಿದರೆ ಎಲ್ಲ ಮುಗೀತು ಅಂತಲ್ಲ. ಪ್ರತಿ ಲೀಗಿನಿಂದ ಪ್ಲೇಆಫ್‌ಗೆ ಆರು ತಂಡ: ಮೂರು ಡಿವಿಷನ್ ವಿಜೇತರು, ಮೂರು ವೈಲ್ಡ್ ಕಾರ್ಡ್ (ಡಿವಿಷನ್ ಗೆಲ್ಲದವರಲ್ಲಿ ದಾಖಲೆ ಚೆನ್ನಾಗಿರೋರು). ವಿಜೇತರಲ್ಲಿ ದಾಖಲೆ ಚೆನ್ನಾಗಿರೋ ಇಬ್ಬರಿಗೆ ಮೊದಲ ಸುತ್ತಿಗೆ ಬೈ, ಅಂದ್ರೆ ಆಡದೆ ನೇರ ಮುಂದಿನ ಸುತ್ತು. ಉಳಿದ ನಾಲ್ಕು ತಂಡ ಮೂರು ಮ್ಯಾಚಿನ ಸುತ್ತು ಆಡಬೇಕು, ಅದೂ ಮೂರೂ ಮೇಲಿನ ಶ್ರೇಯಾಂಕದವರ ಊರಲ್ಲೇ. 2023ರ ಆ ರೇಂಜರ್ಸ್ ಡಿವಿಷನ್ ಕಳಕೊಂಡು ಐದನೇ ಶ್ರೇಯಾಂಕದಲ್ಲಿ ಹೋಗಿ, ಅದೇ ಹ್ಯೂಸ್ಟನ್ನನ್ನ 4–3ರಲ್ಲಿ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದರು. ಆದ್ದರಿಂದ ಬೋರ್ಡ್ ಮೇಲೆ ವೈಲ್ಡ್ ಕಾರ್ಡಿಗೂ ಒಂದು ಕಾಲಂ ಇರಲಿ.

ಬುಲ್‌ಪೆನ್_ಲೆಕ್ಕಿಗ (ಕೋಲಾರ):

ಮೇಲಿನವರು ಟೇಬಲ್ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ಈ ಮೂರು ಮ್ಯಾಚಿಗೆ ಟೇಬಲ್‌ಗಿಂತ ಮುಖ್ಯ ಯಾವ ಪಿಚರ್ (ಚೆಂಡು ಎಸೆಯೋನು) ಯಾವ ದಿನ ಬರ್ತಾನೆ ಅನ್ನೋದು. ಸ್ಟಾರ್ಟರ್‌ಗಳು (ಮ್ಯಾಚ್ ಶುರು ಮಾಡೋ ಪಿಚರ್‌ಗಳು) ಸಾಮಾನ್ಯವಾಗಿ ಐದು ಜನ, ನಡುವೆ ಕಡಿಮೆ ಅಂದ್ರೂ ನಾಲ್ಕು ದಿನ ವಿಶ್ರಾಂತಿ. ರಜಾ ದಿನ ಇಲ್ಲದಿದ್ದರೆ ಭಾನುವಾರ ಎಸೆದವನು ಶುಕ್ರವಾರ, ಸೋಮವಾರದವನು ಶನಿವಾರ, ಮಂಗಳವಾರದವನು ಭಾನುವಾರ ಬರ್ತಾನೆ. ನಿಮ್ಮ ಅತ್ಯುತ್ತಮ ಪಿಚರ್ ಬುಧವಾರ ಎಸೆದರೆ ಈ ಸರಣಿಗೆ ಸಿಗಲ್ಲ. ಗುರುವಾರ ರಜೆ ಇದ್ದರೆ ಮ್ಯಾನೇಜರ್‌ಗೆ ಎರಡು ದಾರಿ: ಎಲ್ಲರಿಗೂ ಒಂದು ದಿನ ಹೆಚ್ಚು ವಿಶ್ರಾಂತಿ ಕೊಡಬಹುದು, ಇಲ್ಲ ಐದನೆಯವನನ್ನ ಬಿಟ್ಟು ಒಳ್ಳೆಯವನನ್ನ ಸರದಿಗೆ ಸರಿಯಾಗಿ ತರಬಹುದು. ರೇಸ್ ಬಿಗಿಯಾದಾಗ ಎರಡನೆಯದನ್ನ ಆರಿಸೋದು ಹೆಚ್ಚು.

ಹಿಂದಿನ ಮೂರು ದಿನದ ಬಾಕ್ಸ್ ಸ್ಕೋರ್ (ಮ್ಯಾಚಿನ ಅಂಕಪಟ್ಟಿ) ತೆಗೆದು ಪ್ರತಿ ರಿಲೀವರ್ (ಸ್ಟಾರ್ಟರ್ ಆದ ಮೇಲೆ ಬಂದು ಎಸೆಯೋ ಪಿಚರ್) ಎಷ್ಟು ಚೆಂಡು ಎಸೆದ ಅಂತ ಬರೆದಿಡಿ. 25–30 ಚೆಂಡು ಹಾಕಿದವನು, ಅಥವಾ ಎರಡು ದಿನ ಸತತ ಬಂದವನು, ಮಾರನೇ ದಿನ ಸಿಗೋ ಸಂಭವ ಕಡಿಮೆ. ಸೆಪ್ಟೆಂಬರಲ್ಲಿ ಗೆಲ್ಲಬೇಕಾದ ಮ್ಯಾಚು 8ನೇ ಇನ್ನಿಂಗ್ಸಲ್ಲಿ ಕೈ ತಪ್ಪೋದು ಬಹಳ ಸಲ ಇದೇ ಕಾರಣಕ್ಕೆ. ನಂಬಿಕಸ್ಥ ಸುಸ್ತಾಗಿರ್ತಾನೆ, ನಾಲ್ಕನೆಯವನ ಕೈಗೆ ಚೆಂಡು ಹೋಗುತ್ತೆ. ಸೆಪ್ಟೆಂಬರ್ 1ರಿಂದ ತಂಡದಲ್ಲಿ 26ರ ಬದಲು 28 ಜನ ಇರಬಹುದು, ಆದರೆ ಪಿಚರ್‌ಗಳು 14ಕ್ಕಿಂತ ಹೆಚ್ಚಿರೋ ಹಾಗಿಲ್ಲ, ಹಾಗಾಗಿ ಪರಿಹಾರ ಅಷ್ಟಕ್ಕಷ್ಟೆ. ಗಾಯಾಳುಗಳ ಪಟ್ಟಿಗೆ ಹೋದ ಪಿಚರ್ ಕನಿಷ್ಠ 15 ದಿನ ಹೊರಗೆ, ಬ್ಯಾಟ್ಸ್‌ಮನ್ ಆದರೆ 10. ಈಗ ಒಬ್ಬ ಪಿಚರ್ ಆ ಪಟ್ಟಿ ಸೇರಿದರೆ ಲೀಗ್ ಹಂತಕ್ಕೆ ಅವನ ಆಸೆ ಬಿಡಿ.

ರನ್ ವ್ಯತ್ಯಾಸವನ್ನ ಪೂರ್ತಿ ಬದಿಗಿಡಬೇಡಿ. ಟೇಬಲ್ ಸ್ಥಾನಕ್ಕೆ ಅದು ಬರಲ್ಲ, ತಂಡದ ನಿಜವಾದ ಬಲ ಅಳೆಯೋಕೆ ಬರುತ್ತೆ. ಹೊಡೆದ ರನ್ನಿನ ವರ್ಗವನ್ನ, ಹೊಡೆದದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿ. 700 ಹೊಡೆದು 650 ಕೊಟ್ಟ ತಂಡಕ್ಕೆ 0.537, ಅಂದ್ರೆ 162ಕ್ಕೆ ಸುಮಾರು 87 ಗೆಲುವು. ಅಂಥ ತಂಡ 93 ಗೆದ್ದಿದ್ದರೆ ಒಂದು ರನ್ ಅಂತರದ ಮ್ಯಾಚುಗಳು ಅದರ ಕಡೆ ವಾಲಿವೆ ಅಂತ ಅರ್ಥ, ಮುಂದೆಯೂ ವಾಲುತ್ತವೆ ಅನ್ನೋ ಭರವಸೆ ಇಲ್ಲ.

ಬಿಎಚ್‌ರೋಡ್_ಬುಲ್‌ಪೆನ್ (ತುಮಕೂರು):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಲಿನ ಕಾಲಂ ಕೆಂಪು ಮಾರ್ಕರಲ್ಲಿ ಬರೆದಾಯ್ತು. ಒಂದೇ ಒಂದು ಉಳೀತು: ಮಳೆಗೆ ಮ್ಯಾಚ್ ನಿಂತು ಕೊನೆ ದಿನದ ಒಳಗೆ ಆಡಿಸೋಕೆ ಆಗದಿದ್ರೆ?

ಕೋಲಾರ_ಸ್ಕೋರರ್ (ಕೋಲಾರ):

ಸ್ಥಾನ ಬದಲಾಗೋ ಹಾಗಿದ್ರೆ ಸೀಸನ್ ಮುಗಿದ ಮಾರನೇ ದಿನ ಆದ್ರೂ ಆಡಿಸ್ತಾರೆ, ಬದಲಾಗಲ್ಲ ಅಂದ್ರೆ ಬಿಟ್ಟುಬಿಡ್ತಾರೆ. 2024ರಲ್ಲಿ ಹೆಲೀನ್ ಚಂಡಮಾರುತದಿಂದ ಅಟ್ಲಾಂಟಾದಲ್ಲಿ ನ್ಯೂಯಾರ್ಕ್ ಮೆಟ್ಸ್–ಅಟ್ಲಾಂಟಾ ಬ್ರೇವ್ಸ್ ಎರಡು ಮ್ಯಾಚ್ ನಿಂತವು, ಸೆಪ್ಟೆಂಬರ್ 30ರ ಸೋಮವಾರ ಒಂದೇ ದಿನ ಎರಡನ್ನೂ ಆಡಿಸಿದರು. ಮೊದಲನೆಯದು ಮೆಟ್ಸ್ 8–7, ಎರಡನೆಯದು ಬ್ರೇವ್ಸ್ 3–0. ಎರಡೂ 89–73, ಎರಡೂ ಪ್ಲೇಆಫ್ ಒಳಗೆ. ಭಾನುವಾರವೇ 89–73ಕ್ಕೆ ಮುಗಿಸಿ ಕಾಯುತ್ತಾ ಕೂತಿದ್ದ ಅರಿಜೋನಾ ಪರಸ್ಪರ ಲೆಕ್ಕದಲ್ಲಿ ಹೊರಗೆ.

ನಂದಿತಪ್ಪಲು_9 (ಚಿಕ್ಕಬಳ್ಳಾಪುರ):

ಕೊನೆಯ ಭಾನುವಾರ ಎಲ್ಲ ಮ್ಯಾಚೂ ಹೆಚ್ಚುಕಮ್ಮಿ ಒಟ್ಟಿಗೇ ಶುರು, ಪೂರ್ವದ ಲೆಕ್ಕದಲ್ಲಿ ಮಧ್ಯಾಹ್ನ 3ರ ಹೊತ್ತಿಗೆ. ನಮಗೆ ಭಾನುವಾರ ರಾತ್ರಿ ಕಳೆದು 12:30. ಎರಡು ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ, ಒಂದರಲ್ಲಿ ನಿಮ್ಮ ಮ್ಯಾಚ್, ಇನ್ನೊಂದರಲ್ಲಿ ಅವರದು. ಸೋಮವಾರ ಆಫೀಸಿಗೆ ಲೇಟಾಗ್ತೀನಿ ಅಂತ ಶುಕ್ರವಾರವೇ ಹೇಳಿಬಿಡಿ.