ಕೋಡಿಲ್ಲದ ಮಹಿಷಾಸುರ

"ಇದರಲ್ಲಿ ಕೋಡು ಎಲ್ಲಿ ಹೋಯ್ತು ಮಾಷ್ಟ್ರೇ?"

ಅಬ್ದುಲ್ಲಿಚ್ಚ ಫೋಟೋವನ್ನು ಮಗುಚಿ ಬೆನ್ನೂ ನೋಡಿದರು. ಬದಿಯಡ್ಕ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅವರ ಅಂಗಡಿಯ ಜಗಲಿಯೇ ಸಂಜೆ ಹೊತ್ತು ನಮ್ಮ ವಿಧಾನಸಭೆ. ಅಲ್ಲಿ ವಿರೋಧ ಪಕ್ಷ ಮಾತ್ರ ಇರುವುದು.

ಮಾಷ್ಟ್ರ ಮುಖ ಸಣ್ಣದಾಯಿತು. ಅಳಿಯ ಶಾರ್ಜಾದಿಂದ ತಂದುಕೊಟ್ಟ ಐಪ್ಯಾಡನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಿಂದೆ ಕೂತವರ ಬೈಗುಳವನ್ನೆಲ್ಲ ಪ್ರಸಾದವೆಂದು ಸ್ವೀಕರಿಸಿ, ಜಾತ್ರೆಯ ಯಕ್ಷಗಾನ ಆಟದಲ್ಲಿ ತೆಗೆದ ಫೋಟೋ ಅದು.

"ಇದರಲ್ಲಿ ಉಂಟು, ನೋಡಿ!" ಎಂದು ಐಪ್ಯಾಡ್ ತೆರೆದರು. ಹೌದು, ಎರಡು ಕೋಡೂ ಉಂಟು, ಕಾಲಿನ ಗೆಜ್ಜೆಯೂ ಉಂಟು. ಪ್ರಿಂಟಿನಲ್ಲಿ ಮಾತ್ರ ಎರಡೂ ಮಾಯ.

"ಸ್ಟುಡಿಯೋದವ ಕದ್ದದ್ದು," ಎಂದರು ರೈಗಳು. ರೈಗಳಿಗೆ ಯಾವ ತೊಂದರೆಗೂ ಒಬ್ಬ ಕಳ್ಳ ಬೇಕು. ಅಡಿಕೆ ರೇಟು ಬಿದ್ದರೂ ಅಷ್ಟೆ, ಸೊಳ್ಳೆ ಕಚ್ಚಿದರೂ ಅಷ್ಟೆ.

ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವ ಹರೀಶ ಆಗಷ್ಟೇ ಬಂದು ಚಾಕ್ಕೆ ಹೇಳಿದ್ದ. "ಕದ್ದದ್ದಲ್ಲ ಮಾರಾಯ್ರೆ, ಲೆಕ್ಕ. ಐಪ್ಯಾಡ್ ತೆಗೆಯುವುದು ನಾಲ್ಕಕ್ಕೆ ಮೂರರ ಫೋಟೋ. ನೀವು ಪ್ರಿಂಟ್ ಹಾಕಿಸಿದ್ದು ಆರಕ್ಕೆ ನಾಲ್ಕು. ಆರಿಂಚು ಅಗಲ ತುಂಬಬೇಕಾದರೆ ಎತ್ತರ ನಾಲ್ಕೂವರೆ ಬೇಕು. ಕಾಗದ ಇರುವುದು ನಾಲ್ಕೇ. ಅರ್ಧ ಇಂಚು ಹೋಗಲೇಬೇಕು. ಮೇಲೆ ಕಾಲು, ಕೆಳಗೆ ಕಾಲು."

"ಕೆಳಗೆ ಕಾಲು ಹೋದದ್ದು ಕಾಣ್ತದೆ," ಎಂದರು ರೈಗಳು. "ಮಹಿಷಾಸುರನಿಗೆ ಮೇಲೆ ಕಾಲು ಎಲ್ಲಿತ್ತು?"

ಈ ಒಂದು ಮಾತಿಗೆ ಸಭೆ ಸುಮಾರು ಹೊತ್ತು ನಿಂತುಹೋಯಿತು.

ಮಾಷ್ಟ್ರು ಮಾತ್ರ ನಗಲಿಲ್ಲ. "ಹಾಗಾದರೆ ತಮ್ಮನ ಮಗನ ಕ್ಯಾಮೆರಾದ್ದು ಪೂರ್ತಿ ಹೇಗೆ ಬಂತು?"

"ಅಂಥ ದೊಡ್ಡ ಕ್ಯಾಮೆರಾಗಳದ್ದು ಸಾಮಾನ್ಯವಾಗಿ ಮೂರಕ್ಕೆ ಎರಡು. ಆರಕ್ಕೆ ನಾಲ್ಕು ಅಂದರೂ ಅದೇ. ಹಾಗಾಗಿ ಏನೂ ಹೋಗುವುದಿಲ್ಲ."

ಆ ಕ್ಯಾಮೆರಾದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅದರ ಕಾರ್ಡನ್ನು ರೀಡರಿಗೆ ಸಿಕ್ಕಿಸಿ, ರೀಡರನ್ನು ಐಪ್ಯಾಡಿಗೆ ಚುಚ್ಚಿದರೆ ಫೋಟೋಸ್ ಆಪಿನಲ್ಲಿ ಇಂಪೋರ್ಟ್ ಎಂದು ಬರುತ್ತದೆ. ಬೇಕಾದ್ದನ್ನು ಮುಟ್ಟಿದರೆ ಬೇಕಾದ್ದಷ್ಟೇ ಒಳಗೆ, ಇಲ್ಲವಾದರೆ ಎಲ್ಲವೂ ಒಳಗೆ. ಮಾಷ್ಟ್ರು ಎಲ್ಲವನ್ನೂ ಒಳಗೆ ಹಾಕಿದರು. ಆಮೇಲೆ ನೋಡಿದರೆ ಒಂದೂ ಇಲ್ಲ! ಕ್ಯಾಮೆರಾದ ಗಡಿಯಾರಕ್ಕೆ ಯಾರೂ ತಾರೀಕು ಇಟ್ಟಿರಲಿಲ್ಲವಂತೆ. ಐಪ್ಯಾಡ್ ಫೋಟೋಗಳನ್ನು ಜೋಡಿಸುವುದು ತೆಗೆದ ತಾರೀಕಿನ ಪ್ರಕಾರ. ಮೊನ್ನೆಯ ಆಟ ಹೋಗಿ ಇಪ್ಪತ್ತು ವರ್ಷ ಹಿಂದೆ ಕೂತಿತ್ತು. ಆಗಿನ್ನೂ ಆ ಮಹಿಷಾಸುರನ ವೇಷಧಾರಿ ಶಾಲೆಗೆ ಹೋಗುವ ಹುಡುಗ. ಇಂಪೋರ್ಟ್ಸ್ ಎಂಬ ಆಲ್ಬಮ್ ತೆರೆದಿದ್ದರೆ ಅಲ್ಲೇ ಸಿಗುತ್ತಿತ್ತು, ತಾರೀಕನ್ನು ಐಪ್ಯಾಡಿನಲ್ಲೇ ತಿದ್ದಬಹುದಿತ್ತು. ಅದನ್ನು ಹೇಳುವವರು ಆಗ ಹತ್ತಿರ ಇರಲಿಲ್ಲ.

"ಕಾರ್ಡಿನದ್ದು ಅಳಿಸಲಿಕ್ಕೆ ಹೇಳಿದಿರಾ?" ಎಂದು ಹರೀಶ ಗಾಬರಿಯಲ್ಲಿ ಕೇಳಿದ.

"ಅಳಿಸುವುದಾ, ಇರಲಾ ಎಂದು ಅದೇ ಕೇಳಿತು. ಇರಲಿ ಎಂದೆ. ಕೇಳದೆ ಕೊಟ್ಟ ಸಾಲ, ನೋಡದೆ ಅಳಿಸಿದ ಬೋರ್ಡು, ಎರಡೂ ವಾಪಸ್ ಬರುವುದಿಲ್ಲ."

ಇಷ್ಟು ಜಾಗ್ರತೆಯ ಮನುಷ್ಯ ಮುಂದಿನದರಲ್ಲಿ ಬಿದ್ದರು ನೋಡಿ. ಆಟದ ಫೋಟೋಗಳನ್ನೆಲ್ಲ 'ಆಟ' ಎಂಬ ಆಲ್ಬಮಿಗೆ ಹಾಕಿದರು. ಮನೆಯ ಕಪಾಟಿನಲ್ಲಿರುವ ಮದುವೆ ಆಲ್ಬಮಿನ ಅಭ್ಯಾಸ ಅಲ್ಲವೇ, ಅಂಟಿಸಿ ಆಯ್ತು ಎಂದುಕೊಂಡರು. ಆದರೆ ಲೈಬ್ರರಿಯಲ್ಲಿ ಅವೇ ಫೋಟೋಗಳು ಇನ್ನೂ ಇವೆ! ಒಂದೇ ಫೋಟೋ ಎರಡೆರಡು ಕಡೆ ಜಾಗ ತಿನ್ನುವುದು ಯಾಕೆ ಎಂದು ಲೈಬ್ರರಿಯದ್ದನ್ನು ಗುಡಿಸಿ ಹಾಕಿದರು. ಆಲ್ಬಮ್ ಖಾಲಿ. ಅಲ್ಲಿದ್ದದ್ದು ಇನ್ನೊಂದು ಪ್ರತಿಯಲ್ಲ, ಅದೇ ಫೋಟೋ. ಸಾಲದ್ದಕ್ಕೆ ಒಂದೇ ಖಾತೆಯ ಫೋಟೋಗಳನ್ನು ಎಲ್ಲ ಕಡೆ ಒಂದೇ ಹಾಗೆ ಇಡುವ ಐಕ್ಲೌಡ್ ಹಾಕಿಟ್ಟಿದ್ದರಿಂದ, ಅದೇ ಖಾತೆಯಲ್ಲಿದ್ದ ಮಾಷ್ಟ್ರ ಹೆಂಡತಿ ಟೀಚರಮ್ಮನ ಫೋನಿನಿಂದಲೂ ಹೋಯಿತು. ಮೊಮ್ಮಗಳ ಚೌಲದ ಫೋಟೋ ಕೂಡ ಆ ಗುಡಿಸುವಿಕೆಯಲ್ಲಿ ಸೇರಿತ್ತು ಎಂಬ ವಿಚಾರದಲ್ಲಿ ಮಾಷ್ಟ್ರು ಮೌನಿ.

"ಮತ್ತೆ ಸಿಕ್ಕಿತಾ?"

"30 ದಿನ ಇಟ್ಟುಕೊಳ್ಳುತ್ತದಂತೆ, ಈಚೆಗೆ ಅಳಿಸಿದ್ದು ಎಂಬಲ್ಲಿ. ಎಲ್ಲ ವಾಪಸ್ ಬಂತು. ಊಟ ಮಾತ್ರ ಒಂದು ಹೊತ್ತು ಬರಲಿಲ್ಲ."

ಬೇಕಾದ್ದು ಹೋಗುವುದಕ್ಕಿಂತ ಬೇಡದ್ದು ಉಳಿಯುವುದೇ ದೊಡ್ಡ ಸಂಕಟ ಎಂದು ನನ್ನ ಅಭಿಪ್ರಾಯ. ರೈಗಳ ಫೋನಿನಲ್ಲಿ ಶುಭೋದಯದ ಗುಲಾಬಿಗಳೇ ಒಂದು ತೋಟಕ್ಕೆ ಆಗುವಷ್ಟು ಇವೆ. ಅವರ ಗೂಗಲ್ ಖಾತೆಯ 15 ಜಿಬಿ ತುಂಬಿ ಮಿಂಚಂಚೆ ನಿಂತಾಗಲೂ ಅವರು ಹುಡುಕಿದ್ದು ಕಳ್ಳನನ್ನೇ.

"ಸ್ಟುಡಿಯೋಗೆ ಯಾಕೆ ಹೋದಿರಿ? ಐಪ್ಯಾಡಿನಲ್ಲೇ ಪ್ರಿಂಟ್ ಎಂದು ಉಂಟಲ್ಲ," ಎಂದೆ ನಾನು.

"ಒತ್ತಿದೆ. ಪ್ರಿಂಟರ್ ಹುಡುಕಿತು, ಹುಡುಕಿತು, ಸಿಗಲಿಲ್ಲ ಎಂದಿತು. ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೆ ಗೊತ್ತುಂಟಾ ನೋಡುವ ಎಂದು."

ಏರ್‌ಪ್ರಿಂಟ್ ಎಂಬ ಈ ಏರ್ಪಾಡಿಗೆ ಪ್ರಿಂಟರೂ ಐಪ್ಯಾಡೂ ಒಂದೇ ವೈಫೈಯಲ್ಲಿ ಇರಬೇಕು. ಸ್ಟುಡಿಯೋದವ ತನ್ನ ವೈಫೈ ಕೊಡಲು ಒಪ್ಪದೆ ವಾಟ್ಸಾಪಿನಲ್ಲಿ ಕಳಿಸಿ ಎಂದನಂತೆ. ಕಳಿಸಿದರೆ ಅದು ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಲೆಕ್ಕ. ಆರಕ್ಕೆ ನಾಲ್ಕಾದರೆ 1800ಕ್ಕೆ 1200. ಸಣ್ಣದಕ್ಕೆ ಹೇಗೋ ನಡೆದೀತು, ಗೋಡೆಗೆ ಹಾಕುವ ಅಳತೆಗೆ ಹಿಗ್ಗಿಸಿದರೆ ಮಹಿಷಾಸುರನ ಬಣ್ಣಗಾರಿಕೆ ಮಳೆಯಲ್ಲಿ ನೆನೆದಂತೆ. "ಡಾಕ್ಯುಮೆಂಟ್ ಎಂದು ಕಳಿಸಿ," ಎಂದ ಹರೀಶ. ಹಾಗೆ ಕಳಿಸಿದರೆ ಎಚ್ಇಐಸಿ ಎಂಬ ಬಾಲದ ಫೈಲು ಹೋಗಿ, ಸ್ಟುಡಿಯೋದ ಹಳೆ ಕಂಪ್ಯೂಟರಿನಲ್ಲಿ ತೆರೆಯದೆ ಇರಲೂಬಹುದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫಾರ್ಮ್ಯಾಟ್ ಬದಲಿಸಿಟ್ಟರೆ ಮುಂದೆ ತೆಗೆಯುವುದೆಲ್ಲ ಹಳೆ ಕಂಪ್ಯೂಟರಿನಲ್ಲೂ ತೆರೆಯುವ ಜೆಪೆಗ್ ಆಗಿಯೇ ಉಳಿಯುತ್ತದೆ. ಇಷ್ಟು ಹೇಳುವಾಗ ಹರೀಶನ ಚಾ ಆರಿತ್ತು.

"ಅದೆಲ್ಲ ಸಾಯಲಿ," ಎಂದರು ಮಾಷ್ಟ್ರು. "ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ, ಕೋಡಿಲ್ಲದ ಮಹಿಷಾಸುರನನ್ನು ಗೋಡೆಗೆ ಹಾಕುವುದು ಹೇಗೆ?"

ಅಷ್ಟರವರೆಗೆ ಗಾಜು ಒರೆಸುತ್ತಿದ್ದ ಅಬ್ದುಲ್ಲಿಚ್ಚ ತಲೆ ಎತ್ತಿದರು. "ಆರು-ಎಂಟರಲ್ಲಿ ಹಾಕಿಸಿ. ನಾಲ್ಕು-ಮೂರರ ದುಪ್ಪಟ್ಟು ಅಲ್ವಾ ಅದು? ಕೋಡು, ಗೆಜ್ಜೆ, ಹಿಂದೆ ನಿಂತ ಪೋಲೀಸು, ಎಲ್ಲ ಬರ್ತದೆ. ಆ ಸೈಜಿನ ಫ್ರೇಮ್ ನನ್ನ ಹತ್ತಿರ ರೆಡಿ ಉಂಟು."

ಹರೀಶ ಬಾಯಿ ಮುಚ್ಚಿ ಚಾ ಕುಡಿದ. ರೈಗಳಿಗೆ ಹುರುಪು ಬಂತು. ಐಪ್ಯಾಡಿನಲ್ಲಿದ್ದ ತಮ್ಮ ಫೋಟೋ ಹುಡುಕಿಸಿ, "ನನ್ನದೂ ಒಂದು ಆರು-ಎಂಟು ಆಗಲಿ," ಎಂದರು.

ಅಬ್ದುಲ್ಲಿಚ್ಚ ಫೋಟೋ ನೋಡಿದರು, ರೈಗಳನ್ನು ನೋಡಿದರು. "ನಿಮ್ಮದು ಐಪ್ಯಾಡ್ ನೆಟ್ಟಗೆ ಹಿಡಿದು ತೆಗೆದದ್ದು. ನಿಮಗೆ ನಾಲ್ಕು-ಆರೇ ಒಳ್ಳೆಯದು."

"ಯಾಕೆ?"

"ನೆಟ್ಟಗಿದ್ದದ್ದಕ್ಕೆ ಎರಡು ಬದಿಯಿಂದ ಕತ್ತರಿಸ್ತದೆ. ಹೊಟ್ಟೆ ಸ್ವಲ್ಪ ಹೋಗ್ತದೆ."